ಅವ್ವನ ಫೋನಿನಲ್ಲಿ ಒಣಗಿದ ತೆಂಗು

ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ದೇವೇಂದ್ರ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತಾ ನಿಮಗೆ ಅವರ ಮೇಲೆ ಸಿಟ್ಟು ಬರುತ್ತದೆ. ನನಗೂ ಬಂದಿತ್ತು. ಬಾಣಾವರದಿಂದ ಅರಸೀಕೆರೆಗೆ ದಿನಾ ಒಂದೇ ರೈಲಿನಲ್ಲಿ ಹೋಗಿಬರುವವರು ನಾವು. ನಾನು ಅದೇ ಶಾಲೆಯ ಕನ್ನಡ ಮೇಷ್ಟ್ರು. ನಡೆದದ್ದನ್ನೆಲ್ಲ ಅವರೇ ನನಗೆ ಹೇಳಿದ್ದು, ಕಿಟಕಿಯ ಕಡೆ ಮುಖ ಮಾಡಿಕೊಂಡು.

ಶುರುವಾಗಿದ್ದು ಒಂದು ಆಪ್‌ನಿಂದ. ನಾವು ಫೋನಿನಲ್ಲಿ ನೋಡುವ ವಿಡಿಯೋ, ಕಳಿಸುವ ಫೋಟೋ, ಆನ್‌ಲೈನಿನಲ್ಲಿ ತರಿಸಿ ವಾಪಸ್ ಮಾಡುವ ಅಂಗಿ, ಇವೆಲ್ಲದರ ಹಿಂದೆ ಎಲ್ಲೋ ಕರೆಂಟು ಖರ್ಚಾಗುತ್ತದೆ, ಗಾಡಿ ಓಡುತ್ತದೆ, ಹೊಗೆ ಏಳುತ್ತದೆ. ಆ ಹೊಗೆಯಲ್ಲಿ ನಮ್ಮ ಪಾಲೆಷ್ಟು ಎಂದು ಅಳೆಯುವ ಆಪ್ ಅದು. ಲೆಕ್ಕ ತಿಳಿಯದವರಿಗೆ ಒಂದು ಮರ ತೋರಿಸುತ್ತದೆ. ಹಿತಮಿತವಾಗಿದ್ದರೆ ಮರ ಹಸಿರು, ಅತಿಯಾದರೆ ಒಣಗುತ್ತದೆ. ದೇವೇಂದ್ರ ತೆಂಗಿನ ಮರ ಆರಿಸಿಕೊಂಡರು. ನಮ್ಮ ಕಡೆಯವರು ಇನ್ಯಾವ ಮರ ಆರಿಸುತ್ತಾರೆ? ಮಕ್ಕಳನ್ನು ಸೇರಿಸಿ ಹಸಿರು ಸಂಘ ಕಟ್ಟಿ, ತಮ್ಮ ಮರವನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಬೆಳಿಗ್ಗೆ ಗ್ರೂಪಿಗೆ ಗುಲಾಬಿ ಹೂವಿನ ಚಿತ್ರ ಹಾಕಿದ್ದಕ್ಕೆ ನನ್ನನ್ನೂ ಬಿಡಲಿಲ್ಲ. "ಸಾರ್, ನಿಮ್ಮ ಶುಭೋದಯಕ್ಕೆ ಎಲ್ಲೋ ಕಲ್ಲಿದ್ದಲು ಸುಡ್ತಾ ಇದೆ, ಗೊತ್ತೇನ್ರೀ?" ಎಂದು ಸ್ಟಾಫ್ ರೂಮಿನಲ್ಲೇ ಕೇಳಿದರು.

ಆದರೆ ಅವರಿಗೂ ಒಂದು ಚಟ. ಸಂಜೆ ಮನೆಗೆ ಬಂದು ಕಾಲು ಚಾಚಿದರೆ ಹಳೇ ಕ್ರಿಕೆಟ್ ಮ್ಯಾಚು ನೋಡಲೇಬೇಕು. ಬೂಟು, ಅಂಗಿ ತರಿಸಿ, ತೊಟ್ಟು ನೋಡಿ, ವಾಪಸ್ ಕಳಿಸಲೇಬೇಕು. ಮರದ ಗರಿ ಹಳದಿಯಾಗತೊಡಗಿತು. ಮಕ್ಕಳು ನೋಡುತ್ತಾರಲ್ಲ! ಒಂದು ಸಂಜೆ, "ಅವ್ವ, ನಿನ್ ಫೋನು ಒಸಿ ಕೊಡು" ಅಂದರು.

ತಾಯಿ ಭಾಗಮ್ಮ ಮಗನ ಫೋನು ಕೆಟ್ಟಿದೆ ಎಂದುಕೊಂಡು ಕೊಟ್ಟರು. ಮಾರನೆಯ ದಿನದಿಂದ ಮಗ ಬರುವ ಹೊತ್ತಿಗೆ ಚಾರ್ಜ್ ಮಾಡಿ, ಸೆರಗಿನಲ್ಲಿ ಒರೆಸಿ ಇಡತೊಡಗಿದರು. ದೇವೇಂದ್ರರ ಮರ ಮತ್ತೆ ಹಸಿರಾಯಿತು. ಹೆಂಡತಿ ರಾಣಿ, "ಯಾರ್ ಫೋನಲ್ಲಿ ನೋಡಿದ್ರೂ ಹೊಗೆ ಹೊಗೆನೇ ಅಲ್ವೇನ್ರೀ?" ಎಂದು ಕೇಳಿದ್ದಕ್ಕೆ ವಿಜ್ಞಾನದ ಮೇಷ್ಟ್ರು ಮ್ಯಾಚಿನ ಸದ್ದು ಇನ್ನಷ್ಟು ಏರಿಸಿದರು.

ಭಾಗಮ್ಮನಿಗೆ ಆ ಫೋನು ಬೇಕಾಗಿದ್ದುದು ಒಂದೇ ಒಂದಕ್ಕೆ. ಅವರ ಅಕ್ಕ ಇರುವುದು ಜಾವಗಲ್ಲಿನಲ್ಲಿ. ಇಬ್ಬರಿಗೂ ಮಂಡಿನೋವು, ಬಸ್ಸು ಹತ್ತಲಾಗುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಫೋನನ್ನು ಚೊಂಬಿಗೆ ಒರಗಿಸಿ ವಿಡಿಯೋ ಕಾಲ್ ಮಾಡಿ, ಅಕ್ಕ ಅಲ್ಲಿ, ತಂಗಿ ಇಲ್ಲಿ, ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಮಾತೇ ಇರಬೇಕೆಂದಿಲ್ಲ. "ನಿನ್ ಕಾಯಲ್ಲಿ ಹುಳ ಐತೇನೇ?" "ಐತೆ ಕಣಕ್ಕ." ಅಷ್ಟಾದರೆ ಇಬ್ಬರಿಗೂ ಸಾಕಿತ್ತು.

ಶಾಲೆಯ ವಾರ್ಷಿಕೋತ್ಸವದಲ್ಲಿ ದೇವೇಂದ್ರರಿಗೆ ಸನ್ಮಾನ ಎಂದು ತೀರ್ಮಾನವಾಯಿತು. ಸಂಘದ ಕೆಲಸಕ್ಕೆ ಜೊತೆಯಾಗಿದ್ದ ಧನುಶ್ರೀ ಟೀಚರ್, ದೇವೇಂದ್ರರ ಮನೆಯವರ ಮರಗಳನ್ನೂ ವೇದಿಕೆಯ ಮೇಲೆ ತೋರಿಸೋಣವೆಂದು ಭಾನುವಾರ ಮನೆಗೇ ಬಂದರು. ದೇವೇಂದ್ರ ಕಾಫಿಗೆ ಹಾಲು ತರಲು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಭಾಗಮ್ಮನ ಫೋನಿಗೂ ಆಪ್ ಹಾಕಿಯಾಗಿತ್ತು. ಹಿಂದಿನ ಬಳಕೆಯನ್ನೆಲ್ಲ ಅದು ಓದಿಕೊಂಡು ಒಂದು ತೆಂಗಿನ ಮರ ತೋರಿಸಿತು. ಗರಿಗಳೆಲ್ಲ ಜೋತುಬಿದ್ದಿದ್ದವು, ಸುಳಿ ಒಣಗಿತ್ತು.

"ಯಾರ್ ಮರ ತಾಯಿ ಇದು?"

"ನಿಮ್ದೇ ಅಜ್ಜಿ. ಫೋನ್ ಜಾಸ್ತಿ ಬಳಸಿದ್ರೆ ಹೀಗಾಗುತ್ತೆ."

ಕಣಕಟ್ಟೆಯ ತೋಟಕ್ಕೆ ಬಿಂದಿಗೆಯಲ್ಲಿ ನೀರು ಹೊತ್ತು ಸಸಿ ಉಳಿಸಿದ ಹೆಂಗಸು ಅವರು. ಸುಳಿ ಒಣಗಿದರೆ ಆ ಮರ ಮತ್ತೆ ಏಳುವುದಿಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಗಿಲಲ್ಲಿ ನಿಂತ ದೇವೇಂದ್ರರನ್ನು ನೋಡಿ ಧನುಶ್ರೀ, "ಸಾರ್, ಅಜ್ಜಿ ಇಷ್ಟೊಂದ್ ಏನ್ ನೋಡ್ತಾರೆ?" ಎಂದು ಕೇಳಿದರು.

ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಬೇಕಿತ್ತೇ? ನಮ್ಮ ಮೇಷ್ಟ್ರು ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ಟನ್ನೇ ನೋಡುತ್ತಾ, "ಅವರಕ್ಕನ ಜೊತೆ ದಿನಾ ವಿಡಿಯೋ ಕಾಲು" ಎಂದುಬಿಟ್ಟರು.

ಅವತ್ತಿನಿಂದ ಚೊಂಬು ಅಡುಗೆಮನೆಯಲ್ಲೇ ಉಳಿಯಿತು. ಭಾಗಮ್ಮ ಒಬ್ಬರೇ ಕೂತು ಅವರೆಕಾಯಿ ಸುಲಿದರು. ಫೋನನ್ನು ಆಫ್ ಮಾಡಿಸಿ, ಬಟ್ಟೆಯಲ್ಲಿ ಸುತ್ತಿ, ಅಕ್ಕಿ ಡಬ್ಬದ ಮೇಲಿಟ್ಟಿದ್ದರು. ದೇವೇಂದ್ರ ದಿನವೂ ಆ ಗಂಟನ್ನು ನೋಡಿದರು. ಆದರೂ ಸನ್ಮಾನವೊಂದು ಮುಗಿಯಲಿ, ಆಮೇಲೆ ಹೇಳೋಣ ಎಂದು ಮುಂದೂಡುತ್ತಾ ಬಂದರು.

ವಾರ್ಷಿಕೋತ್ಸವದ ದಿನ ತಾಯಿಯನ್ನು ಕರೆದರು. "ನಾನ್ ಬರಾಕಿಲ್ಲ ಕಣಪ್ಪ. ಮರ ಒಣಗಿಸಿದೋಳು ಮುಂದೆ ಕುಂತ್ರೆ ನಿಂಗೇ ಅವಮಾನ. ನೀನ್ ಹೋಗ್ಬಾ" ಅಂದರು ಭಾಗಮ್ಮ. ಆಗಲಾದರೂ ಬಾಯಿ ಬಿಡಬಾರದಿತ್ತೇ? ಬಿಡಲಿಲ್ಲ, ಹೊರಟು ಬಂದರು. ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟೆವು. ನಾನೂ ಜೋರಾಗಿ ಚಪ್ಪಾಳೆ ತಟ್ಟಿದೆ.

ವೇದಿಕೆ ಇಳಿಯುತ್ತಿದ್ದಾಗ ಫೋನು ಬಂತು. ಜಾವಗಲ್ಲಿನ ದೊಡ್ಡಮ್ಮ.

"ಯಾಕ್ಲಾ ದೇವೇಂದ್ರ, ನಿಮ್ಮವ್ವ ನನ್ ಮ್ಯಾಲೆ ಮುನಿಸ್ಕಂಡವ್ಳಾ? ಫೋನೇ ಎತ್ತಾಕಿಲ್ವಲ್ಲ. ನಾನೇನ್ ತಪ್ಪಾಡಿದ್ನೋ ಅಂತ ಕುಂತಲ್ಲೇ ನೆನುಸ್ಕಂಡ್ ನೆನುಸ್ಕಂಡ್ ಸಾಕಾಯ್ತು. ಒಂದ್ ಮಾತು ಕೇಳಿ ಹೇಳಪ್ಪ."

ದೇವೇಂದ್ರ ಊಟಕ್ಕೂ ನಿಲ್ಲದೆ ಸ್ಟೇಷನ್ನಿಗೆ ಓಡಿದರು. ತಲೆಯ ಮೇಲಿನ ಪೇಟ ತೆಗೆಯುವುದೂ ನೆನಪಾಗಲಿಲ್ಲ. ರೈಲಿನಲ್ಲಿ ಜನ ಮದುವೆ ಗಂಡು ಎಂದು ನಕ್ಕರಂತೆ.

ಮನೆಯಲ್ಲಿ ಭಾಗಮ್ಮ ಮೊರದ ಮುಂದೆ ಕೂತಿದ್ದರು. ಮಗ ಎದುರಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಮ್ಯಾಚು, ಬೂಟು, ಅವತ್ತು ಧನುಶ್ರೀ ಎದುರಿಗೆ ಆಡಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಬೈಗುಳಕ್ಕೆ ಕಾದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಸಾರ್ ಎಂದು ಅವರು ಈಗಲೂ ಹೇಳುತ್ತಾರೆ.

ಭಾಗಮ್ಮ ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದರು. ಆಮೇಲೆ ಕೇಳಿದರು:

"ಅಂಗಾರೆ ಮರ ಒಣಗಿದ್ದು ನನ್ನಿಂದ ಅಲ್ವಾ?"

"ಅಲ್ಲವ್ವ. ನನ್ನಿಂದ."

"ಅಕ್ಕನ ಹತ್ರ ಮಾತಾಡಬೌದಾ?"

ದೇವೇಂದ್ರ ಎದ್ದು ಹೋಗಿ ಗಂಟು ಬಿಚ್ಚಿ, ಫೋನು ಚಾರ್ಜಿಗೆ ಹಾಕಿ, ಚೊಂಬು ತಂದು ಅದಕ್ಕೆ ಒರಗಿಸಿಟ್ಟರು. ಆ ಕಡೆ ದೊಡ್ಡಮ್ಮನ ಮುಖ ಕಂಡದ್ದೇ ತಡ, ಅಳು, ಬೈಗುಳ ಎಲ್ಲ ಒಟ್ಟಿಗೇ ಬಂತು. ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಅಕ್ಕ ಕೇಳಿದರು.

"ಫೋನ್ ಕೆಟ್ಟೋಗಿತ್ತು ಕಣಕ್ಕ" ಅಂದರು ಭಾಗಮ್ಮ. "ನಮ್ ದೇವೇಂದ್ರ ಇವತ್ತು ಸರಿ ಮಾಡ್ಕೊಟ್ಟ. ಇಸ್ಕೂಲಲ್ಲಿ ಅವ್ನಿಗೆ ಸನ್ಮಾನ ಮಾಡವ್ರೆ, ಪೇಟ ನೋಡ್ಬಾ." ಹಾಗೆ ಹೇಳುತ್ತಾ ಫೋನನ್ನು ಮಗನ ಕಡೆ ತಿರುಗಿಸಿ ಹಿಡಿದರು.