ಡಾಕ್ಟರು ನನ್ನ ನೋವಿಗೆ ಇಟ್ಟ ಹೆಸರು

ಬೆಳಗ್ಗೆ ಮುಖ ತೊಳೆಯುತ್ತಿದ್ದೆ. ಬಲಗೆನ್ನೆಗೆ ಕೈ ತಾಗಿದ ಕೂಡಲೇ ಕಿವಿಯ ಮುಂದಿನಿಂದ ಗದ್ದದವರೆಗೆ ಕರೆಂಟು ಹೊಡೆದಂತಾಯಿತು. ಚೊಂಬು ಕೈಜಾರಿತು. ಉಸಿರೆಳೆದುಕೊಳ್ಳುವಷ್ಟರಲ್ಲಿ ನೋವು ಮಾಯ. ನಿಜಕ್ಕೂ ಆಯಿತೇ ಎಂದು ಮತ್ತೆ ಕೆನ್ನೆ ಮುಟ್ಟಿ ನೋಡಿದೆ.

ಮತ್ತೆ ಹೊಡೆಯಿತು.

ಹೊಗೆನಕಲ್ಲಿನಲ್ಲಿ ನನ್ನದು ಮೀನು ಹುರಿದು ಮಾರುವ ಅಂಗಡಿ. ಯಜಮಾನರು ಹರಿಗೋಲು ನಡೆಸುತ್ತಾರೆ. ತಮಿಳರನ್ನು ತಮಿಳಿನಲ್ಲಿ, ಹೊಳೆಯ ಆಚೆ ದಡದವರನ್ನು ಕನ್ನಡದಲ್ಲಿ ಕೂಗಿ ಕರೆಯುವುದೇ ನನ್ನ ಬದುಕು. ಈಗ ಮಾತಾಡಿದರೆ ನೋವು. ಅಗಿದರೆ ನೋವು. ಬಾಯಿ ಮುಚ್ಚಿಕೊಂಡೆ.

ಮನೆಯಲ್ಲಿ ಅದನ್ನು ಕೋಪ ಎಂದುಕೊಂಡರು. ಮಾರಂಡಹಳ್ಳಿಯಿಂದ ನಾದಿನಿ ತನ್ನ ಮಗಳ ಮದುವೆಗೆ ಕರೆಯಲು ಬಂದಳು. ನಾನು ತಲೆಯಾಡಿಸಿದೆನೇ ಹೊರತು ಬಾ ಎನ್ನಲಿಲ್ಲ. ಊಟ ಮಾಡದೆ ಎದ್ದು ಹೋದಳು.

"ನನ್ ತಂಗಿ ಮ್ಯಾಲೆ ಏನ್ ಸಿಟ್ಟು ನಿಂಗೆ?" ಯಜಮಾನರು ಕೇಳಿದರು.

"ನೋವು," ಎಂದೆ. ಆ ಒಂದು ಪದ ಆಡುವಷ್ಟರಲ್ಲಿ ಕಣ್ಣು ತುಂಬಿತು. ಅವರು ಅದನ್ನೂ ಸಿಟ್ಟೆಂದೇ ತಿಳಿದರು.

ಹಲ್ಲಿನ ಡಾಕ್ಟರ ಹತ್ತಿರ ಹೋದೆ. "ಉಯಿರೇ ಪೋಗುದು," ಜೀವವೇ ಹೋಗುತ್ತಿದೆ ಎಂದು ತಮಿಳಿನಲ್ಲಿ ಹೇಳಿದೆ. ಕಾಲಿಗೆ ಮುಳ್ಳು ಚುಚ್ಚಿದರೂ ನಮ್ಮ ಕಡೆ ಹಾಗೇ ಅನ್ನುತ್ತಾರೆ, ಹಾಗಾಗಿ ಆ ಮಾತಿಗೆ ತೂಕವಿರಲಿಲ್ಲವೇನೋ. ಅವರು ದವಡೆಯ ಒಂದು ಹಲ್ಲು ಕಿತ್ತರು.

ಹಲ್ಲು ಹೋಯಿತು. ನೋವು ಹೋಗಲಿಲ್ಲ.

ಕೊನೆಗೆ ಕಾಲೇಜಿನಲ್ಲಿ ಓದುವ ಮಗಳು ಸೇಲಂನ ನ್ಯೂರಾಲಜಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಹತ್ತಿಯ ಎಳೆಯಿಂದ ಕೆನ್ನೆ ಸವರಿದರು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅವರು ಹತ್ತಿ ಕೆಳಗಿಟ್ಟು ಜೂನಿಯರ್ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಏನೋ ಬರೆಸಿದರು. ಇದು ಹಲ್ಲಿನದಲ್ಲ, ಮುಖದ ನರದ್ದು ಎಂದರು. ಎಂಆರ್‌ಐ ಮಾಡಿಸಲು ಹೇಳಿದರು.

ಸ್ಕ್ಯಾನ್‌ಗೆ ಕಾಯುತ್ತಾ, ಏನು ಬರೆಸಿದರು ಎಂದು ಮಗಳಿಗೆ ಸನ್ನೆ ಮಾಡಿದೆ.

"ಎಕ್ಸ್‌ಕ್ರೂಶಿಯೇಟಿಂಗ್ ಪೇಯ್ನ್," ಎಂದಳು. ಫೋನಿನಲ್ಲಿ ಹುಡುಕಿದಳು. "ತಾಳಕ್ಕೇ ಆಗ್ದಿರೋ ನೋವು ಅಂತ ಐತಮ್ಮಾ. ಲ್ಯಾಟಿನ್‌ನಿಂದ ಬಂದಿರೋ ವರ್ಡು. ಅದ್ರೊಳ್ಗೆ ಸಿಲುವೆ ಐತಂತೆ."

ಯಾವ ಸಿಲುವೆ ಎಂದು ಹುಬ್ಬೇರಿಸಿದೆ.

"ಚರ್ಚ್ ಮ್ಯಾಲೆ ಇರ್ತೈತಲ್ಲ, ಶಿಲುಬೆ, ಅದೇ. ಆ ಕಾಲ್ದಲ್ಲಿ ಮನುಷರ್ನ ಮರಕ್ಕೆ ಮೊಳೆ ಹೊಡ್ದು ಸಾಯಿಸ್ತಿದ್ರಂತೆ. ಆ ನೋವಿನ ಮಾತು. ಆಮ್ಯಾಕೆ ತಡಿಯೋಕಾಗ್ದಿರೋ ಎಲ್ಲಾ ನೋವಿಗೂ ಅದನ್ನೇ ಅಂದ್ರಂತೆ."

ನನಗೆ ಅರ್ಥವಾಗಲಿಲ್ಲ. ನನ್ನ ಕೆನ್ನೆಯಲ್ಲಿ ಒಂದು ಗೀರೂ ಇಲ್ಲ. ಮರಕ್ಕೆ ಹೊಡೆದವರನ್ನು ಊರೆಲ್ಲ ನಿಂತು ನೋಡಿರಬೇಕು. ನನ್ನದು ಪಕ್ಕದಲ್ಲಿ ಮಲಗುವ ಗಂಡನಿಗೂ ಕಾಣಲಿಲ್ಲ. ಅಷ್ಟು ಜನರ ಕಣ್ಣೆದುರು ನಡೆದ ಸಾವಿನ ಪದ ಯಾರಿಗೂ ಕಾಣದ ನನ್ನ ನೋವಿಗೆ ಹೇಗೆ ಬಂತು? ಹೆದರಬೇಕೋ, ಸಮಾಧಾನ ಪಡಬೇಕೋ ತಿಳಿಯಲಿಲ್ಲ. ಇಷ್ಟಂತೂ ತಿಳಿಯಿತು. ಅಷ್ಟು ದೊಡ್ಡ ಪದ ಬರೆಸಿದವರು ನನ್ನನ್ನು ನಂಬಿದ್ದರು. ಅಲ್ಲೇ ಕೂತು ಅತ್ತೆ.

ಮಗಳು ಅಪ್ಪನಿಗೆ ಎಲ್ಲ ಹೇಳಿದಳು. ಮಾರನೆಯ ದಿನ ಅವರು ತಾವೇ ರಾಗಿ ಅಂಬಲಿ ತೆಳ್ಳಗೆ ಕಾಯಿಸಿ, ಆರಿಸಿ, ಮುಂದಿಟ್ಟು ಹೋದರು. ನಾದಿನಿ ಫೋನು ಮಾಡಿ, "ನೀನೇನೂ ಮಾತಾಡ್ಬ್ಯಾಡ ಅತ್ತಿಗೆ, ನಾನೇ ಆಡ್ತೀನಿ," ಎಂದು ಒಬ್ಬಳೇ ಬಹಳ ಹೊತ್ತು ಮಾತಾಡಿದಳು.

ರಕ್ತನಾಳವೊಂದು ನರವನ್ನು ಒತ್ತುತ್ತಿದೆಯಂತೆ. ಮಾತ್ರೆಗೆ ನೋವು ಬಹಳ ಮಟ್ಟಿಗೆ ಇಳಿದಿದೆ. ಆದರೆ ತಲೆ ತಿರುಗುತ್ತದೆ. ಗಿರಾಕಿ ಕೇಳಿದ್ದು ಮರೆತುಹೋಗುತ್ತದೆ. ಕೆಲವು ದಿನ ಸುಮ್ಮನೆ ಹೊಡೆಯುತ್ತದೆ, ಕೆಲವು ವಾರ ಸುಳಿವಿಲ್ಲ. ಗುಣವಾಯಿತೇ ಎಂದು ಕೇಳುವವರಿಗೆ ಏನು ಹೇಳಬೇಕೋ ನನಗಿನ್ನೂ ಗೊತ್ತಿಲ್ಲ.

ಹೋದ ಸಲ ರಿವ್ಯೂಗೆ ಹೋದಾಗ ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು, ಸೆರಗು ಕೆನ್ನೆಗೆ ತಾಗದಂತೆ ದೂರ ಹಿಡಿದುಕೊಂಡು. ಕೇಳಿದ್ದಕ್ಕೆ ಉತ್ತರವನ್ನೇ ಕೊಡುವುದಿಲ್ಲ ಎಂದು ಅವಳ ಗಂಡ ತಮಿಳಿನಲ್ಲಿ ನನಗೆ ದೂರು ಹೇಳಿದ.

ನಾನು ಅವಳ ಕಡೆ ತಿರುಗಿದೆ. ಆ ಇಂಗ್ಲಿಷ್ ಪದ ನನ್ನ ನಾಲಿಗೆಗೆ ಬರುವುದಿಲ್ಲ. "ಬಾಯಿ ತೆರೆಯಬೇಡಮ್ಮ," ಎಂದು ತಮಿಳಿನಲ್ಲೇ ಹೇಳಿದೆ. "ಕರೆಂಟು ಹೊಡೆದ ಹಾಗಾ? ಹೌದಾದರೆ ಕಣ್ಣು ಮುಚ್ಚು, ಸಾಕು."

ಅವಳು ಕಣ್ಣು ಮುಚ್ಚಿದಳು. ನೀರು ಕೆನ್ನೆಯ ಮೇಲೆ ಇಳಿಯಿತು. ಒರೆಸಲು ಅವಳ ಗಂಡ ಕೈ ಚಾಚಿದ.

ನಾನು ಆ ಕೈ ಹಿಡಿದು ತಡೆದೆ.