ಅಮಾವಾಸ್ಯೆಯ ದಿನ ಗೆರೆ ಎಣಿಸಿದ ಡಬ್ಬಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮೆಲ್ಲಗೆ ಎದ್ದು ಬೇರೆ ಕೆಲಸ ಹಿಡಿಯುತ್ತಿದ್ದವಳು. ಬಾಗಲಕೋಟೆಯ ಕಾನ್ವೆಂಟಿನಲ್ಲಿ ಓದುವಾಗ, ಹಾಸ್ಟೆಲಿನ ಹಿಂದಿನ ಹುಣಸೆಮರದಲ್ಲಿ ಏನೋ ಇದೆ ಎಂದು ಹುಡುಗಿಯರೆಲ್ಲ ಹೆದರಿಕೊಂಡಿದ್ದೆವು. ಸಿಸ್ಟರ್ ಒಬ್ಬರು ಟಾರ್ಚ್ ಹಿಡಿದು ನಮ್ಮನ್ನು ಆ ಮರದ ಬುಡಕ್ಕೇ ಕರೆದೊಯ್ದು ನಿಲ್ಲಿಸಿದರು. ಕೊಂಬೆಗೆ ಹರಿದ ಗಾಳಿಪಟ ಸಿಕ್ಕಿಕೊಂಡಿತ್ತು, ಅಷ್ಟೇ. ಅಂದಿನಿಂದ ಎಲ್ಲ ಭಯದ ಹಿಂದೆಯೂ ಒಂದು ಹರಿದ ಗಾಳಿಪಟ ಇದ್ದೇ ಇರುತ್ತದೆ ಎಂದು ನಂಬಿದ್ದೆ. ಈಗ ಹೇಳುವ ಸಂಗತಿಯಲ್ಲಿ ಮಾತ್ರ ಅದು ನನಗೆ ಇನ್ನೂ ಸಿಕ್ಕಿಲ್ಲ.

ಮದುವೆಯಾಗಿ ನಾನು ಬಂದದ್ದು ಇಳಕಲ್ಲಿನ ಒಂದು ನೇಕಾರರ ಮನೆಗೆ. ನಮ್ಮ ಯಜಮಾನರು ಹುನಗುಂದದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದರು. ಮೈದುನ ಈರಣ್ಣ ಡಿಪ್ಲೊಮಾ ಮುಗಿಸಿ ಬಾದಾಮಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಭಾನುವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮಗ್ಗಕ್ಕೆ ಕೂರುತ್ತಿದ್ದವರು ಮಾವನವರೊಬ್ಬರೇ. ನಡುಮನೆಯ ನೆಲದಲ್ಲಿ ತೋಡಿದ ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಹಳೆಯ ಕೈಮಗ್ಗ. ಓಣಿಯ ತುಂಬ ಪವರ್‌ಲೂಮ್ ಬಂದಿದ್ದರೂ ಅವರು ಆ ಕುಣಿ ಬಿಟ್ಟು ಏಳಲಿಲ್ಲ.

ಎರಡು ಸಾವಿರದ ದಶಕದ ಕೊನೆಯ ಹೊತ್ತಿಗೆ ಸಕ್ಕರೆ ರೋಗದಿಂದ ಅವರ ಕಣ್ಣು ಮಂದವಾದವು. ಅವರು ನೇಯುತ್ತಿದ್ದದ್ದು ಅಡ್ಡಗೆರೆಯ ಸೀರೆ. ಇಷ್ಟು ಬಡಿತಕ್ಕೊಮ್ಮೆ ಲಾಳಿ ಬದಲಿಸಿ ಬೇರೆ ಬಣ್ಣದ ಗೆರೆ ಹಾಕಬೇಕು. ಕಣ್ಣಿಗೆ ಹಿಂದಿನ ಗೆರೆ ಕಾಣದು, ಮನಸ್ಸಿನಲ್ಲಿ ಎಣಿಸೋಣವೆಂದರೆ ಪವರ್‌ಲೂಮುಗಳ ಗದ್ದಲಕ್ಕೆ ಲೆಕ್ಕ ತಪ್ಪುತ್ತದೆ. ಎರಡು ಸೀರೆಗಳಲ್ಲಿ ಗೆರೆಗಳು ಒಂದು ಕಡೆ ಒತ್ತಾಗಿ, ಒಂದು ಕಡೆ ವಿರಳವಾಗಿ ಬಂದು ಅಂಗಡಿಯಿಂದ ಮರಳಿ ಬಂದವು.

"ಅಪ್ಪಾ, ಇನ್ನ ಸಾಕ್ ಮಾಡು. ಕುಣಿ ಮುಚ್ಚಿಸಿ ಮ್ಯಾಲೆ ಫರಸಿ ಕಲ್ಲ್ ಹಾಕಸ್ತೇನಿ. ಒಂದಿನ ಅದರಾಗ ಕಾಲ್ ಜಾರಿ ಬಿದ್ದಿ ಅಂದ್ರ?" ಎಂದರು ಯಜಮಾನರು.

"ಅರವತ್ತು ವರ್ಷ ಬೀಳಲಾರದಾಂವ ಈಗ ಬೀಳ್ತೇನೇನಲೇ?" ಎಂದರು ಮಾವ. ಆದರೆ ಆ ರಾತ್ರಿ ಅವರು ಊಟಕ್ಕೆ ಏಳಲಿಲ್ಲ.

ಈರಣ್ಣ ಒಂದು ಉಪಾಯ ತಂದ. ಅಂಗೈಯಗಲದ ಒಂದು ಹಸಿರು ಹಲಗೆ. ಅದೇ ಇಡೀ ಕಂಪ್ಯೂಟರ್ ಎಂದ. ಪೆಟ್ಟಿಗೆ ಇಲ್ಲ, ಫ್ಯಾನ್ ಇಲ್ಲ, ಲಿನಕ್ಸ್ ಎಂಬುದು ಒಂದು ಉಗುರಿನಷ್ಟು ಕಾರ್ಡಿನಲ್ಲಿ. ನನ್ನ ಸಂಡಿಗೆ ಡಬ್ಬಿಯೊಂದನ್ನು ಕೇಳಿ ಇಸಕೊಂಡು ಅದರೊಳಗೆ ಕೂರಿಸಿದ. ಅದು ಬಿಸಿಯಾಗುತ್ತದೆಂದು ನಾನೇ ಸೂಜಿ ಕಾಯಿಸಿ ಡಬ್ಬಿಯ ಸುತ್ತ ತೂತು ಮಾಡಿದೆ. ಹಳೆಯ ಟಿ.ವಿ.ಯೇ ಅದರ ಪರದೆ. ನೂಲು ಬಡಿದು ಕೂರಿಸುವ ಮರದ ಹಲಗೆಗೆ ಒಂದು ಸಣ್ಣ ಸ್ವಿಚ್ ಕಟ್ಟಿ ವೈರ್ ಎಳೆದ. ಹಲಗೆ ಪ್ರತಿಸಲ ಬಡಿದಾಗ ಡಬ್ಬಿ ಒಂದು ಎಣಿಸುತ್ತದೆ, ಗೆರೆಯ ಹೊತ್ತಿಗೆ "ಪೀ" ಎನ್ನುತ್ತದೆ, ಟಿ.ವಿ.ಯಲ್ಲಿ ಗೆರೆಗಳ ಸಂಖ್ಯೆ ಒಂದು ಏರುತ್ತದೆ. ಮಾವ ಲಾಳಿ ಬದಲಿಸಿದರೆ ಆಯಿತು.

ಹಗಲು ಮನೆಯಲ್ಲಿರುವವರಲ್ಲಿ ಇಂಗ್ಲಿಷ್ ಓದುವವಳು ನಾನೊಬ್ಬಳೇ ಆದ್ದರಿಂದ ಅದನ್ನು ಹಚ್ಚುವ, ಆರಿಸುವ ಕೆಲಸ ನನಗೆ ಬಂತು. ಹಚ್ಚಿದ ಕೂಡಲೇ ಮೂಲೆಯಲ್ಲಿ ಒಂದು ಪೆಂಗ್ವಿನ್ ಚಿತ್ರ, ಕೆಳಗೆ ಇರುವೆ ಸಾಲಿನಂತೆ ಅಕ್ಷರ. ಹೆಸರು ಕೇಳುತ್ತದೆ, ಗುಟ್ಟಿನ ಪದ ಕೇಳುತ್ತದೆ. ಮೊದಮೊದಲು ದೊಡ್ಡಕ್ಷರ ಸಣ್ಣಕ್ಷರ ತಪ್ಪಿಸಿ ಅರ್ಧ ಗಂಟೆ ಅದರ ಬಾಗಿಲಲ್ಲೇ ನಿಂತಿರುತ್ತಿದ್ದೆ. ಅದರಲ್ಲಿ ಗಡಿಯಾರದ ಸೆಲ್ಲೂ ಇರಲಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಒಂದೇ: ಸಾವಿರದ ಒಂಬೈನೂರ ಎಪ್ಪತ್ತು, ಜನವರಿ ಒಂದು. ಗೆರೆಗಳ ಲೆಕ್ಕ ಮಾತ್ರ ಕಾರ್ಡಿನಲ್ಲಿ ಉಳಿದಿರುತ್ತಿತ್ತು. ಮಾವನಿಗೆ ಆ ತಾರೀಖು ಓದಿ ಹೇಳಿದರೆ, "ಹಂಗ ಇರಲಿ ಬಿಡವಾ. ಆಗ ನನ್ನ ಕಣ್ಣ ಭಾಳ ಛಲೋ ಇದ್ದುವು" ಎಂದು ನಗುತ್ತಿದ್ದರು.

ಯಜಮಾನರು ಒಂದು ಸೀರೆಯ ಮಟ್ಟಿಗೆ ಒಪ್ಪಿದರು. ಭಾನುವಾರ ಈರಣ್ಣ ಬಂದಾಗ, ಸುತ್ತಿದ ಬಟ್ಟೆ ಬಿಚ್ಚಿ ಗೆರೆ ಎಣಿಸಬೇಕು. ಬಟ್ಟೆಯ ಲೆಕ್ಕಕ್ಕೂ ಡಬ್ಬಿಯ ಲೆಕ್ಕಕ್ಕೂ ತಾಳೆಯಾದರೆ ಮಗ್ಗ ಉಳಿಯುತ್ತದೆ. ಇಲ್ಲದಿದ್ದರೆ ಕುಣಿ ಮುಚ್ಚಲು ಗವಂಡಿ ಬರುತ್ತಾನೆ. ಮಾವನಿಗೆ ಹಾಕಿದ ಕರಾರು ಒಂದೇ: ಕರೆಂಟ್ ಹೋದಾಗ ಡಬ್ಬಿ ಎಣಿಸುವುದಿಲ್ಲ, ಆಗ ಮಗ್ಗ ಮುಟ್ಟಬಾರದು.

ಆ ವಾರದ ಮಧ್ಯದಲ್ಲಿ ಅಮಾವಾಸ್ಯೆ ಬಂತು. ನಮ್ಮ ಓಣಿಯಲ್ಲಿ ಅಂದು ಯಾರೂ ನೇಯುವುದಿಲ್ಲ. ಬೆಳಿಗ್ಗೆ ಅತ್ತೆ ಮಗ್ಗ ಒರೆಸಿ, ಕುಂಕುಮವಿಟ್ಟು, ಬಡಿಯುವ ಹಲಗೆಯ ಮೇಲೆ ಒಂದು ಚೆಂಡುಹೂವು ಇಟ್ಟರು. ಆಮೇಲೆ ಅವರೂ ಮಾವನೂ ಮಹಾಕೂಟದ ಗುಡಿಗೆಂದು ಬಸ್ ಹತ್ತಿದರು. ಯಜಮಾನರು ಕಚೇರಿಗೆ ಹೋದರು. ಡಬ್ಬಿ ದಿನವಿಡೀ ಉರಿದರೆ ಎಷ್ಟು ಕಾಯುತ್ತದೆ ನೋಡಿ ಎಂದು ಈರಣ್ಣ ಹೇಳಿದ್ದರಿಂದ ಅದನ್ನು ಹಚ್ಚಿಯೇ ಇಟ್ಟಿದ್ದೆ.

ಮಧ್ಯಾಹ್ನ ಅಡುಗೆಮನೆಯಲ್ಲಿ ಮೆಂತ್ಯೆಸೊಪ್ಪು ಸೋಸುತ್ತಿದ್ದೆ. ಓಣಿಯ ಪವರ್‌ಲೂಮುಗಳೂ ನಿಂತು, ಕಿವಿಗೆ ಹತ್ತಿ ಇಟ್ಟಂತಾಗಿತ್ತು. ಆಗ "ಪೀ" ಎಂದಿತು.

ಬೆಕ್ಕು ಇರಬೇಕೆಂದು ಎದ್ದು ಹೋದೆ. ಬೆಕ್ಕಿರಲಿಲ್ಲ. ಮಗ್ಗದ ಮೇಲೆ ಹೊದಿಸಿದ ಬಿಳಿ ಪಂಚೆ ಹಾಗೆಯೇ ಇತ್ತು. ಹಲಗೆಯ ಮೇಲಿನ ಚೆಂಡುಹೂವು ಇಟ್ಟಲ್ಲೇ ಇತ್ತು. ಆ ಹಲಗೆ ಒಂದು ಸಲ ಅಲುಗಿದ್ದರೂ ಹೂವು ಕುಣಿಯೊಳಗೆ ಉರುಳುತ್ತಿತ್ತು. ಟಿ.ವಿ.ಯಲ್ಲಿ ಗೆರೆಯ ಸಂಖ್ಯೆ ಮಾತ್ರ ಒಂದು ಏರಿತ್ತು. ನಾನು ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಮತ್ತೆ "ಪೀ". ಮತ್ತೊಂದು ಏರಿತು.

ಇಲ್ಲಿ ಒಂದು ಮಾತು ಹೇಳಬೇಕು. ಮಾವನ ಗೆರೆಗಳ ನಡುವಿನ ಹೊತ್ತು ನನ್ನ ಕೈಗೆ ಗೊತ್ತಿತ್ತು. ಒಂದು ಪೀಗೂ ಇನ್ನೊಂದಕ್ಕೂ ನಡುವೆ ನಾನು ಒಂದು ರೊಟ್ಟಿ ಬಡಿದು, ಬೇಯಿಸಿ, ಬುಟ್ಟಿಗೆ ಹಾಕುತ್ತಿದ್ದೆ. ಅಂದಿನ ಹೊತ್ತೂ ಒಂದು ರೊಟ್ಟಿಯದೇ. ಕೆಟ್ಟ ವೈರು ಹಾಗೆ ತಾಳ ಹಿಡಿದು ಕೂಗುತ್ತದೆಯೇ? ಮೂರನೆಯದಾಯಿತು. ಆಮೇಲೆ ಬಹಳ ಹೊತ್ತು ಸುಮ್ಮನಾಯಿತು. ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ನಾಲ್ಕನೆಯದು. ಮತ್ತೆ ಒಂದು ರೊಟ್ಟಿಯ ಹೊತ್ತಿಗೆ ಐದನೆಯದು. ಒಂದೊಂದು ಪೀಗೆ ಒಂದೊಂದು ಬೆರಳು ಮಡಚಿ ನನ್ನ ಬಲಗೈ ಮುಷ್ಟಿಯಾಗಿತ್ತು. ಉಗುರಿನಲ್ಲಿ ಮೆಂತ್ಯೆಯ ಹಸಿರು ಇತ್ತು. ಆಮೇಲೆ ಅದು ಕೂಗಲಿಲ್ಲ.

ನನಗೆ ದೆವ್ವದ ಯೋಚನೆ ಬರಲಿಲ್ಲ. ಬಂದದ್ದು ಮಾವನ ಯೋಚನೆ. ನೇಯದ ಐದು ಗೆರೆ ಲೆಕ್ಕದಲ್ಲಿ ಹೆಚ್ಚಾಗಿ ಕೂತಿವೆ, ಭಾನುವಾರ ತಾಳೆಯಾಗುವುದಿಲ್ಲ, ಕುಣಿ ಮುಚ್ಚುತ್ತಾರೆ. ಈರಣ್ಣನಿಗೆ ಫೋನ್ ಮಾಡಿದೆ.

"ವೈನಿ, ಸ್ವಿಚ್ ಸಡ್ಲ ಆಗಿರ್ತದ. ಅಮಾಸಿ ಅಂತ ನಿಂಬಿಹಣ್ಣ ಕೊಯ್ದ ಇಟ್ಟೀರೇನು ಮತ್ತ?" ಎಂದು ನಕ್ಕ.

"ನಗಬ್ಯಾಡೋ. ಆ ನಂಬರ್ ಹಿಂದ ತಿರುಗಿಸ್ಲೇನು? ಕಮಾಂಡ್ ಗೊತ್ತದ ನನಗ."

"ಏನೂ ಮುಟ್ಟಬ್ಯಾಡ್ರಿ. ಹಂಗ ಇಡ್ರಿ, ನಾ ಬಂದ ನೋಡ್ತೇನಿ."

ಹಾಗೆಯೇ ಇಟ್ಟೆ. ಸಂಜೆ ಮರಳಿದ ಅತ್ತೆಮಾವನಿಗೆ ಏನೂ ಹೇಳಲಿಲ್ಲ. ದೇವರ ಪ್ರಸಾದ ಕೈಗಿಡುತ್ತಿದ್ದವರ ಮುಂದೆ ಈ ಮಾತು ಎತ್ತುವುದು ಹೇಗೆ?

ಭಾನುವಾರ ನಡುಮನೆಯಲ್ಲಿ ಚಾಪೆ ಹಾಸಿ ಬಟ್ಟೆ ಬಿಚ್ಚಿದರು. ಮಾವ ಗೋಡೆಗೆ ಒರಗಿ ಕೂತು, ತಂಬಾಕಿಲ್ಲದ ಅಂಗೈಯನ್ನೇ ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು. ತಟ್ಟೆಯ ರೊಟ್ಟಿ ಮುರಿದಿರಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಯಜಮಾನರು ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟು ಎಣಿಸಿದರು, ಈರಣ್ಣ ಟಿ.ವಿ. ನೋಡಿದ. ಯಜಮಾನರಿಗೆ ನಂಬಿಕೆ ಬರದೆ ಆ ತುದಿಯಿಂದ ಇನ್ನೊಮ್ಮೆ ಎಣಿಸಿದರು.

ತಾಳೆಯಾಯಿತು. ಒಂದು ಗೆರೆಯೂ ಹೆಚ್ಚುಕಡಿಮೆ ಇರಲಿಲ್ಲ.

"ಆತಪಾ, ನಿನ್ನ ಕುಣಿ ನಿನಗ ಇರ್ಲಿ" ಎಂದು ಯಜಮಾನರು ಎದ್ದು ಸ್ನಾನಕ್ಕೆ ಹೋದರು. ನಾನು ನಿಂತಲ್ಲೇ ನಿಂತಿದ್ದೆ. ಹೆಚ್ಚಿನ ಐದು ಗೆರೆ ಎಲ್ಲಿ ಹೋದವು?

ಎಲ್ಲರೂ ಚದುರಿದ ಮೇಲೆ ಮಾವ ನನ್ನನ್ನು ಹತ್ತಿರ ಕರೆದರು. ದನಿ ತಗ್ಗಿಸಿ, "ಯವ್ವಾ, ಖರೆ ಹೇಳು. ಆ ಡಬ್ಬ್ಯಾಗ ಏನರ ಒತ್ತಿದೇನು?" ಎಂದರು.

"ಇಲ್ರೀ ಮಾವಾರ. ಯಾಕ್ರೀ?"

"ಅಮಾಸಿ ಹಿಂದಿನ ದಿನ ನೀನೂ ನಿಮ್ಮತ್ತೀನೂ ಸಂತಿಗೆ ಹೋದ್ರಲ್ಲ. ಕರೆಂಟ್ ಹೋತು. ಓಣ್ಯಾಗಿನ ಪವರ್‌ಲೂಮ್ ಎಲ್ಲಾ ಗಪ್ಪ್ ಆದ್ವು. ಅಷ್ಟ್ ಶಾಂತ ಆದಾಗ ಕೈ ಕಟ್ಟಿ ಕೂಡೂದು ಹ್ಯಾಂಗವಾ? ಹಿಂದಿನಂಗ ಬಾಯಾಗ ಎಣಿಸ್ಕೋತ ನೇಯ್ದೆ."

ನಾನು ಅಂದು ಸಂತೆಯಿಂದ ಬಂದು ಡಬ್ಬಿ ಹಚ್ಚುವಾಗ, ಕರೆಂಟ್ ಹೋದಾಗ ಏನು ಮಾಡಿದಿರಿ ಎಂದು ಕೇಳಿದ್ದು ನೆನಪಾಯಿತು; "ಕೈ ಕಟ್ಟಿ ಕುಂತಿದ್ದೆ" ಎಂದಿದ್ದರು. ಕರೆಂಟ್ ಹೋದಾಗ ನಿಲ್ಲುವುದು ಪವರ್‌ಲೂಮಿನವರ ಅಭ್ಯಾಸ. ಕೈಮಗ್ಗದವನಿಗೆ ಅದೇ ಒಳ್ಳೆಯ ಹೊತ್ತು. ನಾವು ಯಾರೂ ಅದನ್ನು ಯೋಚಿಸಿರಲಿಲ್ಲ.

"ಎಷ್ಟ್ ಗೆರಿ ನೇಯ್ದ್ರಿ?"

ಅವರು ಬಲಗೈಯ ಬೆರಳುಗಳನ್ನು ಅಗಲಿಸಿ ತೋರಿಸಿದರು. ಬಟ್ಟೆಯಲ್ಲಿ ಐದು ಹೆಚ್ಚಾಗಿ, ಡಬ್ಬಿಯಲ್ಲಿ ಕಡಿಮೆಯಾಗಿ ಸಿಕ್ಕಿಬೀಳುತ್ತೇನೆಂದು ಅಂದಿನಿಂದ ಅಷ್ಟೂ ದಿನ ಅವರಿಗೆ ನಿದ್ದೆ ಇರಲಿಲ್ಲವಂತೆ. ನಾನು ಡಬ್ಬಿಯಲ್ಲಿ ಹೆಚ್ಚಾಗಿದೆ ಎಂದು ಹೆದರಿದ್ದೆ.

"ನಡುವ ಎಲ್ಲರ ನಿಲ್ಲಿಸಿದ್ರೇನು?" ಎಂದು ಕೇಳಿದೆ.

"ಮೂರ ಗೆರಿ ಆದ ಮ್ಯಾಲೆ ಲಾಳ್ಯಾಗಿನ ಕಂಡಿಕಿ ಮುಗೀತು. ದಿನಾ ನೀ ನೂಲು ಸುತ್ತಿ ಕೈಗೆ ಕೊಡ್ತಿದ್ದಿ. ಅವತ್ತ ನೀ ಇಲ್ಲ. ಕಂಡಿಕಿ ಬುಟ್ಟಿ ಹುಡುಕ್ಯಾಡಿ ಹುಡುಕ್ಯಾಡಿ ಸಾಕಾತು."

ಆಗ ಅಮಾವಾಸ್ಯೆಯ ಮಧ್ಯಾಹ್ನ ಕಂಡದ್ದನ್ನೆಲ್ಲ ಹೇಳಿದೆ. ಅವರು ಮಂದ ಕಣ್ಣುಗಳನ್ನು ಡಬ್ಬಿಯ ಕಡೆ ತಿರುಗಿಸಿದರು. ಆಮೇಲೆ, "ಹುಡುಗರಿಗೆ ಹೇಳಬ್ಯಾಡ" ಎಂದರು.

ಕರೆಂಟ್ ಹೋದಾಗಿನ ನೇಯ್ಗೆಯ ವಿಷಯ ನಾನು ಹೇಳಲಿಲ್ಲ. ಆದರೆ ಡಬ್ಬಿ ತಾನಾಗಿ ಎಣಿಸಿದ್ದನ್ನು ಈರಣ್ಣನಿಗೆ ಆಗಲೇ ಹೇಳಿದ್ದೆನಲ್ಲ, ಅವನು ಸ್ವಿಚ್ ಬಿಚ್ಚಿ ನೋಡಿದ. ಸಡಿಲವಾಗಿರಲಿಲ್ಲ. ಪ್ರತಿ ಗೆರೆ ಯಾವಾಗ ಬಿತ್ತೆಂದು ಕಾರ್ಡಿನಲ್ಲಿ ದಾಖಲೆಯಿರುತ್ತದೆ ಎಂದು ತೆಗೆದು ನೋಡಿದ. ದಾಖಲೆಗಳಿದ್ದವು, ಆದರೆ ಎಲ್ಲವೂ ಎಪ್ಪತ್ತರ ಜನವರಿಯಲ್ಲೇ ಬಿದ್ದಿದ್ದವು. ಯಾವುದು ಯಾವ ದಿನದ್ದೆಂದು ಬೇರ್ಪಡಿಸಲು ಅವನಿಗೂ ಆಗಲಿಲ್ಲ. "ನೀವು ಲೆಕ್ಕ ತಪ್ಪಿಸ್ಕೊಂಡೀರಿ ವೈನಿ" ಎಂದು ಮುಗಿಸಿದ. ಇರಬಹುದು ಎಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ನಾನು ತಪ್ಪಿ ಎಣಿಸಿದ್ದರೆ ಬಟ್ಟೆಗೂ ಡಬ್ಬಿಗೂ ತಾಳೆಯಾದದ್ದು ಹೇಗೆ? ಮಾವ ತಪ್ಪಿ ಹೇಳಿದ್ದರೆ, ಆ ಕಂಡಿಕೆ ಹುಡುಕಿದ ಹೊತ್ತು ನನ್ನ ಕಿವಿಗೆ ಬಿದ್ದದ್ದು ಹೇಗೆ? ಒಂದನ್ನು ಬಿಡಿಸಿದರೆ ಇನ್ನೊಂದು ಗಂಟಾಗುತ್ತದೆ.

ಮುಂದಿನ ಅಮಾವಾಸ್ಯೆಗೆ ಮಾವ ಎಲ್ಲಿಗೂ ಹೋಗಲಿಲ್ಲ. ಮೊಣಕಾಲು ನೋವೆಂದರು. ಅತ್ತೆ ಒಬ್ಬರೇ ಗುಡಿಗೆ ಹೋದರು. ನಾನು ಡಬ್ಬಿ ಹಚ್ಚಿದೆ. ಯಾರೂ ಹಚ್ಚು ಎಂದಿರಲಿಲ್ಲ. ಮಾವ ಎಲೆಯಡಿಕೆ ತಟ್ಟೆ ಹಿಡಿದು ಅದರ ಎದುರು ಕೂತರು. ನಾನು ಅಕ್ಕಿ ಆರಿಸುವ ಮೊರ ತಂದು ಪಕ್ಕದಲ್ಲಿ ಕೂತೆ. ಬಿಸಿಲು ಹೊಸ್ತಿಲಿನಿಂದ ಸರಿದು ಗೋಡೆಯೇರಿತು. ಅಕ್ಕಿಯನ್ನು ಎರಡನೆಯ ಸಲ ಆರಿಸುತ್ತಿದ್ದೆ. ಡಬ್ಬಿ ಒಮ್ಮೆಯೂ ಕೂಗಲಿಲ್ಲ.

ಸಂಜೆ ಮಾವ ಗೋಡೆ ಹಿಡಿದು ಎದ್ದರು. "ಈ ಸಲ ಎಣಿಸೂದು ಬಾಕಿ ಏನೂ ಇರಲಿಲ್ಲ ನೋಡು" ಎಂದರು.

ಚೇಷ್ಟೆಗೆ ಹೇಳಿದರೇನೋ ಎಂದು ನಾನು ತಲೆಯೆತ್ತಿ ಅವರ ಮುಖ ನೋಡಿದೆ. ಅವರು ನಗುತ್ತಿರಲಿಲ್ಲ.