ಚಿಕ್ಕಪ್ಪನ ಕನ್ನಡಿ ಬಾಣಲೆ

ತೆಂಗಿನ ನಾರು ಸುಡುವ ವಾಸನೆ ಬಂದರೆ ಈಗಲೂ ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ಹೊಳಲ್ಕೆರೆಯಲ್ಲಿ ನಾನಿರುವ ಬೀದಿಯಲ್ಲಿ ಇನ್ನೂ ಒಂದೆರಡು ಮನೆಯವರು ಬೆಳಗ್ಗೆ ಹಂಡೆಯ ಒಲೆಗೆ ನಾರು, ಕರಟ ತುಂಬಿ ಸ್ನಾನದ ನೀರು ಕಾಯಿಸುತ್ತಾರೆ. ಆ ಹೊಗೆಯನ್ನು ದಾಟಿ ಕೆಲಸಕ್ಕೆಂದು ಸ್ಕೂಲಿಗೆ ಹೋಗುವಾಗ, ಮತ್ತೋಡು ಊರಿನ ಹತ್ತಿರ ಈಗ ಇಲ್ಲದ ನಮ್ಮ ಮನೆ ಎದುರಿಗೆ ಬರುತ್ತದೆ. ಸಗಣಿ ಸಾರಿಸಿದ ಅಗಲವಾದ ಅಂಗಳ, ಅದರ ಪೂರ್ವಕ್ಕೆ ಗರಿ ಹೊದಿಸಿದ ಕೊಬ್ಬರಿ ಅಟ್ಟ, ಅಟ್ಟದ ಕೆಳಗೆ ಕಟ್ಟಿದ ಕರು, ಜಗುಲಿಯ ಮೇಲೆ ಕಾಲು ಚಾಚಿ ಕೂತ ಅಜ್ಜಿ. ಇಂಥದೊಂದು ಅಂಗಳ ನಿಮಗೂ ಇದ್ದಿರಬಹುದು. ಅಲ್ಲಿ ನೀವು ಬಾಯಿ ಬಿಡದೆ ಬಂದ ಒಂದು ಮಾತೂ ಇದ್ದೀತು.

ಚಿಕ್ಕಪ್ಪ ಅಪ್ಪನ ಕೊನೆಯ ತಮ್ಮ. ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಮುಗಿಸಿ, ಹೊಸದುರ್ಗದ ಒಂದು ಟ್ಯುಟೋರಿಯಲ್‌ನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ. ಮನೆಯಲ್ಲೂ ಅವನಿಗೆ ಅದೇ ಧ್ಯಾನ. ತೋಟದಲ್ಲಿ ಪೈಪಿನಿಂದ ನೀರು ಚಿಮ್ಮಿ ಬಾಗಿ ಬೀಳುವುದನ್ನು ತೋರಿಸಿ, "ನೋಡವ್ವ, ಇದು ಪರವಲಯ" ಅನ್ನುತ್ತಿದ್ದ. ಆಳುಗಳು ಕೈಯಿಂದ ಕೈಗೆ ಎಸೆಯುವ ತೆಂಗಿನಕಾಯಿ ಗಾಳಿಯಲ್ಲಿ ಬರೆಯುವ ಗೆರೆಯೂ ಅದೇ, ಅಪ್ಪನ ಬೈಕಿನ ಹೆಡ್‌ಲೈಟಿನೊಳಗಿನ ಹೊಳೆಯುವ ಬಟ್ಟಲೂ ಅದೇ. ಅಜ್ಜಿ ಚೊಂಬೆತ್ತಿ ಗಂಟಲಿಗೆ ನೀರು ಹೊಯ್ದುಕೊಂಡರೆ ಅಲ್ಲೂ ಅವನಿಗೆ ಅದೇ ಕಾಣುತ್ತಿತ್ತು. "ನೀರು ಕುಡಿಯಾಕೂ ಬಿಡಲ್ವಲ್ಲೋ" ಎಂದು ಅಜ್ಜಿ ನಗುತ್ತಿದ್ದಳು.

ಒಂದು ಬೇಸಗೆಯಲ್ಲಿ ಅವನು ಬಿಸಿಲಿನಲ್ಲೇ ಅನ್ನ ಬೇಯಿಸುತ್ತೇನೆ ಎಂದು ಹೊರಟ. ನೆಲಕ್ಕೊಂದು ಹಲಗೆ ಇಟ್ಟು, ಅದರ ಮುಂದೆ ಒಂದು ಮೊಳೆ ಹೊಡೆದ. ಮೊಳೆಗೂ ಹಲಗೆಗೂ ಸಮದೂರದಲ್ಲಿರುವ ಚುಕ್ಕಿಗಳನ್ನು ದಾರದಿಂದ ಅಳೆದು ಗುರುತು ಮಾಡಿದ. ಸೀಮೆಸುಣ್ಣ ಹಿಡಿದು ಚುಕ್ಕಿ ಕೂಡಿಸಿದವಳು ನಾನು. ಆ ಗೆರೆಯ ಅಳತೆಗೇ ತಗಡು ಬಗ್ಗಿಸಿ, ಒಡೆದ ಕನ್ನಡಿಯ ಚೂರುಗಳನ್ನು ಅಂಟಿಸಿದ. ಅದನ್ನು ಹಳೆಯ ಹೊಲಿಗೆ ಮಿಷಿನ್ನಿನ ಸ್ಟ್ಯಾಂಡಿನ ಮೇಲೆ ಕೂರಿಸಿ ಅಂಗಳದ ನಡುವೆ ನಿಲ್ಲಿಸಿದ. ನಾವು ಅದನ್ನು ಕನ್ನಡಿ ಬಾಣಲೆ ಎಂದು ಕರೆದೆವು. ಬಿದ್ದ ಬಿಸಿಲೆಲ್ಲ ಮೂರಡಿ ಆಚೆ ಒಂದೇ ಕಡೆ ಕೂಡುತ್ತಿತ್ತು. ಅಲ್ಲಿ ತೂಗುಹಾಕಿದ ಪಾತ್ರೆಯಲ್ಲಿ ಅನ್ನ ಕುದಿಯಿತು. ಮೊದಲ ತುತ್ತು ತಿಂದ ಅಜ್ಜಿ, "ಸೂರ್ಯಪ್ಪ ಚೆನ್ನಾಗಿ ಬೇಯಿಸ್ಯವನೆ" ಅಂದಳು. ಅಪ್ಪ ಮಾತ್ರ ಅಟ್ಟದ ಕಡೆ ಅನುಮಾನದಿಂದ ನೋಡಿದ. "ಆ ಚುಕ್ಕಿ ದಾಟಿದ್ರೆ ಬೆಳಕು ಚದುರಿ ಹೋಗ್ತೈತೆ ಕಣಣ್ಣ. ಅಟ್ಟಕ್ಕೇನೂ ಆಗಲ್ಲ, ನನ್ನ ಲೆಕ್ಕ ಐತೆ" ಎಂದು ಚಿಕ್ಕಪ್ಪ ಧೈರ್ಯ ಹೇಳಿದ. ಕೆಲಸವಿಲ್ಲದಾಗ ಅದಕ್ಕೆ ಗೋಣಿತಟ್ಟು ಹೊದಿಸಿರಬೇಕು, ತಾನಿಲ್ಲದಾಗ ಯಾರೂ ಮುಟ್ಟಬಾರದು ಎಂದು ನನಗೆ ಎರಡೆರಡು ಸಲ ಹೇಳಿದ್ದ.

ನನಗಾಗ ಹತ್ತು ವರ್ಷ. ಅವನು ಹೊಸದುರ್ಗಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ಪಕ್ಕದ ಮನೆಯ ಶೋಭಳಿಗೆ ತೋರಿಸುವ ಆಸೆಗೆ ತಟ್ಟು ತೆಗೆದೆ. ಕಡಲೆಕಾಯಿ ಹುರಿಯೋಣ ಎಂದಳು. ಬಿಸಿಲಲ್ಲಿ ಕೂರಲಾರದೆ ಇಬ್ಬರೂ ಬಾಣಲೆಯನ್ನು ಅಟ್ಟದ ಹತ್ತಿರ ಎಳೆದುಕೊಂಡು, ತಗ್ಗಾಗಿ ಇಳಿಬಿದ್ದ ಸೂರಿನ ನೆರಳಲ್ಲಿ ಕೂತೆವು. ಕಾಯಿ ಹುರಿದು ತಿಂದೆವು. ಅಷ್ಟರಲ್ಲಿ ಶೋಭಳ ಅವ್ವ ಕೂಗಿದರು. ನಾನೂ ಅವಳ ಹಿಂದೆಯೇ ಓಡಿದೆ. ಸೂರ್ಯ ಪಡುವಣಕ್ಕೆ ವಾಲಿದಂತೆ ಬೆಳಕಿನ ಚುಕ್ಕಿ ಮೂಡಣಕ್ಕೆ ಸರಿದು, ಸೂರಿನ ಒಣಗರಿಯ ಮೇಲೆ ಕೂತಿತು.

ನಾವು ತಿರುಗಿ ಬರುವಾಗ ಅಟ್ಟ ಉರಿಯುತ್ತಿತ್ತು. ವರ್ಷವಿಡೀ ಒಣಗಿಸಿದ ಕೊಬ್ಬರಿಗೆ ಬೆಂಕಿ ಬಿದ್ದರೆ ನೀರು ಏನೂ ಮಾಡಲಾರದು. ಅಜ್ಜಿ ಕರುವಿನ ಹಗ್ಗ ಬಿಚ್ಚಲು ಒಳಗೆ ನುಗ್ಗಿದ್ದಳು. ಕರು ಉಳಿಯಿತು. ಉರಿಯುವ ಬಿದಿರಿನ ಗಳು ಅವಳ ಬಲಗೈ ಮೇಲೆ ಬಿದ್ದಿತು. ಗಡಿಬಿಡಿಯಲ್ಲಿ ಯಾರೋ ಬಾಣಲೆಯನ್ನು ದೂರ ಎಳೆದು ಕೆಡವಿದ್ದರಿಂದ ಅದು ಎಲ್ಲಿ ನಿಂತಿತ್ತೆಂದು ಯಾರಿಗೂ ಗೊತ್ತಾಗಲಿಲ್ಲ. ಗಾಳಿಗೆ ತಟ್ಟು ಹಾರಿರಬೇಕು, ನಡು ಅಂಗಳದಿಂದಲೇ ಬೆಂಕಿ ಹತ್ತಿರಬೇಕು ಎಂದುಕೊಂಡರು. ಸಂಜೆ ಅಪ್ಪ ಕೇಳಿದ: "ಯಾರಾರ ಅದನ್ನ ಮುಟ್ಟಿದ್ರೇನ್ರೇ?" ಶೋಭ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಬಸ್ಸಿಳಿದು ಬಂದ ಚಿಕ್ಕಪ್ಪನಿಗೆ ಅಪ್ಪ ಹೇಳಿದ್ದು ಒಂದೇ ಮಾತು: "ನಿನ್ನ ಲೆಕ್ಕ ಅವ್ವನ ಕೈ ಸುಡ್ತು." ಚಿಕ್ಕಪ್ಪ ಸೊಟ್ಟಗಾದ ಆ ತಗಡಿಗೆ ದಾರ ಹಿಡಿದು ಮೂರು ದಿನ ಅಳೆದ. ನಾಲ್ಕನೆಯ ದಿನ ಅದನ್ನು ಹಾಳುಬಾವಿಗೆ ಎಸೆದು ಬಂದ. ಟ್ಯುಟೋರಿಯಲ್ ಬಿಟ್ಟ. ತನ್ನ ಲೆಕ್ಕವೇ ತನಗೆ ಗೊತ್ತಾಗದವನು ಮಕ್ಕಳಿಗೆ ಏನು ಹೇಳಿಕೊಡಲಿ ಎಂದು ನನ್ನ ಅಮ್ಮನ ಹತ್ತಿರ ಅಂದನಂತೆ. ಆಮೇಲೆ ಹೊಸದುರ್ಗದ ಗೊಬ್ಬರದಂಗಡಿಯೊಂದರಲ್ಲಿ ಚೀಲ ಇಳಿಸಿಕೊಳ್ಳುವ ಕೆಲಸಕ್ಕೆ ಸೇರಿ, ಅಲ್ಲೇ ಮುದುಕನಾದ. ಅಜ್ಜಿಯ ಬೆರಳುಗಳು ಮುದುಡಿಕೊಂಡವು. ಅವಳು ಮತ್ತೆ ರೊಟ್ಟಿ ತಟ್ಟಲಿಲ್ಲ. ಅಜ್ಜಿ ಅವನನ್ನು ಒಮ್ಮೆಯೂ ಬೈಯಲಿಲ್ಲ. ಆದರೆ ಅವಳು ಎಡಗೈಯಲ್ಲಿ ಉಣ್ಣುವುದನ್ನು ನೋಡಲಾರದೆ ಅವನು ತಟ್ಟೆ ಹಿಡಿದು ಹಿತ್ತಲಿಗೆ ಹೋಗಿಬಿಡುತ್ತಿದ್ದ. ನಾನು ಪ್ರತಿ ವರ್ಷ ಹೇಳಬೇಕೆಂದುಕೊಂಡೆ. ಓದು, ಮದುವೆ, ಕೆಲಸ ಎಂದು ಮೂವತ್ತು ವರ್ಷಕ್ಕೂ ಮೇಲೆ ಕಳೆದವು. ಪಾಲಾಗಿ ಮನೆ ಬಿಚ್ಚಿದರು. ಅಂಗಳದ ಮೇಲೆ ಈಗ ಇನ್ಯಾರದೋ ಶುಂಠಿ ಹೊಲ.

ಹೋದ ವರ್ಷ, ಅಜ್ಜಿಯ ವರ್ಷದ ಕಾರ್ಯ ಮುಗಿಸಿ ಎಲ್ಲರೂ ಹೊರಟ ಮೇಲೆ, ಹೊಸದುರ್ಗದ ಅವನ ಬಾಡಿಗೆ ಮನೆಯ ಕಟ್ಟೆಯ ಮೇಲೆ ಕೂತು ಹೇಳಿಬಿಟ್ಟೆ. ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಸೂರಿಗೂ ಅದಕ್ಕೂ ಎಷ್ಟು ದೂರ ಇತ್ತು?" ಎಂದು ಕೇಳಿದ.

"ಮೂರಡಿ ಇದ್ದೀತು, ಚಿಕ್ಕಪ್ಪ."

ಅವನ ಬೆರಳು ಕಟ್ಟೆಯ ಸಿಮೆಂಟಿನ ಮೇಲೆ ನಿಧಾನವಾಗಿ ಒಂದು ಬಾಗಿದ ಗೆರೆ ಎಳೆಯಿತು. "ಹಂಗಾರೆ ಲೆಕ್ಕ ಸರಿ ಇತ್ತು" ಎಂದ. ಮುಖದಲ್ಲಿ ಒಂದು ಗಳಿಗೆ ನಗು ಬಂದಂತಾಯಿತು. ಆಮೇಲೆ ಒಳಗೆ, ಗೋಡೆಯ ಮೇಲೆ ಹೊಸ ಹಾರ ಹಾಕಿದ್ದ ಅಜ್ಜಿಯ ಪಟದ ಕಡೆ ತಿರುಗಿದ.

"ಒಂದೆರಡು ವರ್ಷ ಮುಂಚೆ ಹೇಳಿದ್ರೆ, ಅವ್ವಂಗೆ ಹೇಳ್ತಿದ್ದೆ ಕಣವ್ವ" ಅಂದ.